ಖಾಲಿ ತೂತುಗಳ ಸಾಕ್ಷ್ಯ

ಸೋದರತ್ತೆ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ಎರಡು ಮರದ ಸಾಮಾನುಗಳು ಬಂದವು. ಒಂದು, ಸೊಂಟದೆತ್ತರಕ್ಕಿಂತ ಕೊಂಚ ಕಡಿಮೆ ಇರುವ, ಮೂರು ಖಾನೆಗಳ ಕುಳ್ಳು ಬೀರು. ಇನ್ನೊಂದು, ಅವರ ಯಜಮಾನರು ಉಳಿ, ಸುತ್ತಿಗೆ, ಇಕ್ಕಳಗಳನ್ನು ತುಂಬಿಟ್ಟುಕೊಳ್ಳುತ್ತಿದ್ದ, ಹಸಿರು ಬಣ್ಣ ಬಳಿದ, ಮುಚ್ಚಳವಿಲ್ಲದ ಪೆಟ್ಟಿಗೆ. ಬೀರುವನ್ನು ಕೊಡುವಾಗ ಅತ್ತೆ, "ಇದು ಇನ್ನೂರು ವರ್ಷದ್ದು, ಹಡಗಿನಲ್ಲಿ ಬಂದದ್ದು. ಹೇಗಿತ್ತೋ ಹಾಗೆಯೇ ಇದೆ, ಒಂದು ಮೊಳೆಯೂ ಬದಲಾಗಿಲ್ಲ" ಎಂದರು. ಪೆಟ್ಟಿಗೆಯನ್ನು ಕೊಡುವಾಗ ಏನೂ ಹೇಳಲಿಲ್ಲ.

ನಾನು ಮೂವತ್ತೊಂದು ವರ್ಷ ಲೆಕ್ಕಪರಿಶೋಧನೆ ಮಾಡಿ ನಿವೃತ್ತನಾದವನು. ಒಂದು ಮೊಳೆಯೂ ಬದಲಾಗಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೊಳೆ ಎಣಿಸಬೇಕೆನ್ನಿಸುತ್ತದೆ.

ಮೊದಲು ಸುಲಭದ ದಾರಿ ಹಿಡಿದೆ. ಹಳೆಯ ಪೀಠೋಪಕರಣಗಳಿಗೆ ಬೆಲೆ ಕಟ್ಟುವ ಒಬ್ಬರಿಗೆ ಬೀರುವಿನ ಫೋಟೊ ಕಳುಹಿಸಿದೆ. "18 ಅಥವಾ 19ನೆಯ ಶತಮಾನ, ಯುರೋಪಿನ ಶೈಲಿ" ಎಂಬ ಉತ್ತರ ಬಂತು. ಅಡ್ಡಗೋಡೆಯ ಮೇಲಿನ ದೀಪ. ಅವರನ್ನು ದೂರಿ ಪ್ರಯೋಜನವಿಲ್ಲ. ಮುಂಭಾಗದ ಫೋಟೊ ನೋಡಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಶೈಲಿ ಎಂಬುದು ವಯಸ್ಸಿಗೆ ತೀರಾ ದುರ್ಬಲ ಆಧಾರ. ಥಾಮಸ್ ಚಿಪೆಂಡೇಲ್ ಲಂಡನ್ನಿನಲ್ಲಿ ತನ್ನ ವಿನ್ಯಾಸಗಳ ಪುಸ್ತಕವನ್ನು ಅಚ್ಚು ಹಾಕಿಸಿದ್ದು 1754ರಲ್ಲಿ. ಆ ಚಿತ್ರಗಳನ್ನು ನೋಡಿಕೊಂಡು ಮಾಡಿದ ಕುರ್ಚಿಗಳು ಇಂದಿಗೂ ಕಾರ್ಖಾನೆಗಳಿಂದ ಹೊರಬರುತ್ತಿವೆ. ಕುರ್ಚಿಯ ಆಕಾರ ಹೇಳುವುದು ಇಷ್ಟೇ: ಆ ಆಕಾರ ಹುಟ್ಟುವುದಕ್ಕೆ ಮುಂಚೆ ಇದನ್ನು ಮಾಡಿರಲಾರರು.

ಮುಖ ನೋಡಿ ಮಣೆ ಹಾಕುವವರು ಮರದ ಸಾಮಾನಿನ ವ್ಯವಹಾರದಲ್ಲಿ ಮೋಸ ಹೋಗುತ್ತಾರೆ. ಮುಂಭಾಗವನ್ನು ಬಡಗಿ ಜನ ನೋಡಲೆಂದು ಮಾಡಿರುತ್ತಾನೆ. ಆಮೇಲೆ ಬಂದವರೆಲ್ಲ ಅದನ್ನೇ ಉಜ್ಜಿ, ಹೊಳಪು ಕೊಟ್ಟು, ಹಿಡಿಕೆ ಬದಲಿಸಿರುತ್ತಾರೆ. ಬೆನ್ನು, ಬುಡ, ಖಾನೆಗಳ ತಳ, ಬೀಗದ ಹಿಂಬದಿ ಇವನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಯಾರೂ ತಿದ್ದುವುದಿಲ್ಲ. ಲೆಕ್ಕದ ಪುಸ್ತಕದಲ್ಲೂ ನಾನು ಮೊದಲ ಪುಟವನ್ನು ಕೊನೆಗೆ ಓದುತ್ತಿದ್ದೆ.

ಇಷ್ಟು ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹತ್ತು ವರ್ಷಗಳ ಹಿಂದೆ ಒಂದು ಹಳೆಯ ಮುಕ್ಕಾಲಿಯನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಅದರ ತಳವನ್ನೂ ಉಪ್ಪುಕಾಗದದಿಂದ ಉಜ್ಜಿಬಿಟ್ಟೆ. ಅರ್ಧ ಉಜ್ಜಿದ ಮೇಲೆ ಅಲ್ಲಿ ಪೆನ್ಸಿಲಿನ ಬರಹವಿತ್ತೆಂದು ತಿಳಿಯಿತು. ಉಳಿದದ್ದು ಒಂದು 8 ಮತ್ತು ಯಾವುದೋ ಅಕ್ಷರದ ಬಾಲ. ಆ 8 ವರ್ಷದ ಭಾಗವೋ, ಎಂಟನೆಯ ಮುಕ್ಕಾಲಿಯೋ, ಎಂಟು ಅಂಗುಲವೋ ಎಂದು ನನಗೆ ಇನ್ನು ಯಾರೂ ಹೇಳಲಾರರು. ಅಂದಿನಿಂದ ಉಪ್ಪುಕಾಗದವನ್ನು ಮನೆಯಲ್ಲಿ ಇಟ್ಟುಕೊಂಡಿಲ್ಲ.

ಹಾಗಾಗಿ ಈ ಸಲ ಕೈಯಲ್ಲಿ ಇದ್ದದ್ದು ಒಂದು ಟಾರ್ಚು, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಳತೆಪಟ್ಟಿ ಮತ್ತು ಒಂದು ನೋಟುಪುಸ್ತಕ. ಉಪಕರಣಗಳ ಹಸಿರು ಪೆಟ್ಟಿಗೆಯನ್ನು ಪಕ್ಕದಲ್ಲಿ ಎಳೆದುಕೊಂಡು ಕುಳಿತೆ. ಅದರ ಒಳಬದಿಯಲ್ಲಿ, ಒಂದು ಅಂಚಿನ ನಡುವೆ, ಬೆಂಕಿಪೊಟ್ಟಣದಷ್ಟು ಅಗಲದ ತಗ್ಗು ಇದೆ. ಪೆನ್ಸಿಲ್ ಇಡಲು ಹೇಳಿ ಮಾಡಿಸಿದಂತಿದೆ.

ಖಾನೆಗಳನ್ನು ಹೊರಗೆಳೆದು, ಬೀರುವನ್ನು ಗೋಡೆಯಿಂದ ಈಚೆ ತಿರುಗಿಸಿ, ಬೆನ್ನ ಹಲಗೆಗಳ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟೆ. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಹಲಗೆಗೆ ಬಹುತೇಕ ಮಲಗಿಸಿದಂತೆ ಹಿಡಿಯಬೇಕು. ಆಗ ಮರದ ಮೇಲಿನ ಒಂದೊಂದು ಗೀರೂ ನೆರಳು ಚೆಲ್ಲುತ್ತದೆ. ಇಲ್ಲಿ ಕಂಡದ್ದು ಬಾಗಿದ ಗೀರುಗಳು, ದೊಡ್ಡ ವೃತ್ತದ ತುಣುಕುಗಳಂತೆ, ಒಂದರ ಪಕ್ಕ ಒಂದು. ಇದು ಚಕ್ರಗರಗಸದ ಸಹಿ. ಚಕ್ರಗರಗಸಕ್ಕೆ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲೇ ಪೇಟೆಂಟ್ ಪಡೆದಿದ್ದರೂ ಮರಸೀಳುವ ಗಿರಣಿಗಳಲ್ಲಿ ಅದು ಸಾಮಾನ್ಯವಾದದ್ದು 1830ರ ನಂತರ. ಅದಕ್ಕೆ ಮುಂಚೆ ಹಳ್ಳದ ಮೇಲೆ ದಿಮ್ಮಿ ಇಟ್ಟು, ಒಬ್ಬ ಮೇಲೆ ಇನ್ನೊಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಆ ಗೀರುಗಳು ನೇರ, ಆದರೆ ಒಂದೇ ಸಮ ಇರುವುದಿಲ್ಲ: ತೋಳು ಸೋತಂತೆ ಓರೆ ಬದಲಾಗುತ್ತದೆ, ನಡುನಡುವೆ ಅಂತರ ಹಿಗ್ಗುತ್ತದೆ. ಪಟ್ಟಿಗರಗಸದ ಗೀರುಗಳೂ ನೇರವೇ, ಆದರೆ ಅಚ್ಚು ಹೊಡೆದಂತೆ ಸಮ. ಅದು ಗಟ್ಟಿಯಾಗಿ ಬಳಕೆಗೆ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ.

ಅಲ್ಲಿಗೆ ಅತ್ತೆಯ ಇನ್ನೂರು ವರ್ಷ ಮುರಿದು ಬಿತ್ತೆಂದುಕೊಂಡು ನೋಟುಪುಸ್ತಕದಲ್ಲಿ "1830ರ ನಂತರ" ಎಂದು ಬರೆದೆ. ಬರೆದ ಮೇಲೆ ಆ ಹಲಗೆಗಳ ಮೊಳೆಗಳನ್ನು ನೋಡಿದೆ. ದುಂಡು ತಲೆ, ದುಂಡು ಮೈ, ತಲೆಯ ಕೆಳಗೆ ಯಂತ್ರ ಕಚ್ಚಿ ಹಿಡಿದ ಸಣ್ಣ ಅಡ್ಡಗೀರುಗಳು. ಇಂದಿಗೂ ಅಂಗಡಿಯಲ್ಲಿ ಸಿಗುವ ತಂತಿಮೊಳೆ. ಅವು ಎಲ್ಲೆಡೆ ಹರಡಿದ್ದು 1890ರ ದಶಕದ ಹೊತ್ತಿಗೆ. ಅಂದರೆ ಬೀರು ಇನ್ನೂ ಅರವತ್ತು ವರ್ಷ ಚಿಕ್ಕದಾಯಿತೇ?

ಇಲ್ಲ. ಇಲ್ಲಿಯೇ ಮನುಷ್ಯ ಎಡವುವುದು. ಒಂದು ಸಾಮಾನಿನಲ್ಲಿ ಸಿಗುವ ಅತ್ಯಂತ ಹೊಸ ವಸ್ತುವೇ ಅದರ ವಯಸ್ಸು ಎಂಬುದು ಒಳ್ಳೆಯ ನಿಯಮ, ಆದರೆ ಆ ಹೊಸ ವಸ್ತು ಹುಟ್ಟಿನಿಂದ ಅಲ್ಲಿದ್ದರೆ ಮಾತ್ರ. ಆಮೇಲೆ ಬಂದು ಸೇರಿದ್ದಾದರೆ ಅದು ರಿಪೇರಿಯ ವಯಸ್ಸನ್ನು ಹೇಳುತ್ತದೆ, ಸಾಮಾನಿನದನ್ನಲ್ಲ. ಎರಡನ್ನೂ ಬೇರ್ಪಡಿಸುವುದು ಖಾಲಿ ತೂತು. ಒಂದು ಬೆನ್ನ ಹಲಗೆಯನ್ನು ಮೆಲ್ಲಗೆ ಮೀಟಿ ತೆಗೆದು, ಅದು ಕೂರುವ ಕಚ್ಚನ್ನು ಭೂತಗನ್ನಡಿಯಲ್ಲಿ ನೋಡಿದೆ. ತಂತಿಮೊಳೆಗಳ ದುಂಡು ತೂತುಗಳ ನಡುನಡುವೆ ಆಯತಾಕಾರದ ಸಣ್ಣ ತೂತುಗಳಿದ್ದವು, ಒಳಗೆ ಕಪ್ಪುಗಟ್ಟಿದ ತುಕ್ಕು. ಅವುಗಳಲ್ಲಿ ಮೊಳೆ ಇರಲಿಲ್ಲ. ಅವಕ್ಕೆ ಸರಿಹೊಂದುವ ತೂತು ಬೆನ್ನ ಹಲಗೆಯಲ್ಲೂ ಇರಲಿಲ್ಲ.

ಆಯತಾಕಾರದ ತೂತು ಮಾಡುವುದು ಕತ್ತರಿ ಮೊಳೆ: ಕಬ್ಬಿಣದ ತಗಡಿನಿಂದ ಯಂತ್ರ ಕತ್ತರಿಸಿದ್ದು, ಎರಡು ಬದಿ ಮಾತ್ರ ಇಳಿಜಾರು. ಅದರ ಕಾಲ ಹೆಚ್ಚುಕಡಿಮೆ 1790ರಿಂದ 19ನೆಯ ಶತಮಾನದ ಕೊನೆಯವರೆಗೆ. ಅದಕ್ಕಿಂತ ಹಿಂದಿನದು ಕಮ್ಮಾರ ಒಂದೊಂದಾಗಿ ಬಡಿದ ಮೊಳೆ. ನಾಲ್ಕು ಬದಿಯೂ ಇಳಿಜಾರು, ತಲೆಯ ಮೇಲೆ ಸುತ್ತಿಗೆಯ ಏಟಿನ ಮುಖಗಳು. ಈ ಬೀರುವಿನ ಮೂಲ ಬೆನ್ನು ಕತ್ತರಿ ಮೊಳೆಗಳ ಕಾಲದ್ದು. ಅದನ್ನು ಯಾರೋ ಕಿತ್ತು, ತಂತಿಮೊಳೆಗಳ ಕಾಲದಲ್ಲಿ ಹೊಸ ಬೆನ್ನು ಹಾಕಿದ್ದಾರೆ. ಯಾಕೆಂದು ಆಗ ನನಗೆ ತಿಳಿಯಲಿಲ್ಲ. "1830ರ ನಂತರ" ಎಂಬುದನ್ನು ಹೊಡೆದುಹಾಕಿ "ಬೆನ್ನು ಸಾಕ್ಷಿಯಲ್ಲ" ಎಂದು ಬರೆದೆ.

ಖಾನೆಗಳ ಮೂಲೆಗಳಲ್ಲಿ ಡವ್‌ಟೇಲ್ ಜೋಡಣೆ, ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು. ಇದನ್ನು ನೋಡಿದೊಡನೆ "ಕೈಕೆಲಸ, ಆದ್ದರಿಂದ ಹಳೆಯದು" ಎನ್ನುವವರೇ ಹೆಚ್ಚು. ಕೈಕೆಲಸವೆಂಬುದು ನಿಜ: ಹಲ್ಲುಗಳ ಅಗಲ ಒಂದರಂತೆ ಒಂದಿಲ್ಲ, ನಡುವಿನ ಕಡ್ಡಿಗಳು ತುದಿಯಲ್ಲಿ ಗರಗಸದ ಅಲಗಿನಷ್ಟೇ ಸಪೂರ, ಬಡಗಿ ಗೆರೆ ಎಳೆದುಕೊಂಡ ಗುರುತು ಇನ್ನೂ ಇದೆ, ಒಂದು ಕಡೆ ಗರಗಸ ಆ ಗೆರೆ ದಾಟಿ ಕೂದಲಷ್ಟು ಮುಂದೆ ಹೋಗಿದೆ. ಯಂತ್ರದ ಡವ್‌ಟೇಲ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಮಾನ್ಯವಾಯಿತು. ಅದರಲ್ಲಿ ಹಲ್ಲೂ ಸಂದೂ ಒಂದೇ ಅಳತೆ. ಆದರೆ ಕೈಯಿಂದ ಡವ್‌ಟೇಲ್ ಕತ್ತರಿಸುವವರು ಈಗಲೂ ಇದ್ದಾರೆ. ಯಂತ್ರದ್ದು ಕಂಡರೆ "ಇದಕ್ಕಿಂತ ಹಳೆಯದಲ್ಲ" ಎನ್ನಬಹುದು, ಕೈಯದು ಕಂಡರೆ ಏನನ್ನೂ ಖಚಿತವಾಗಿ ಹೇಳಲಾಗದು. ಅಪವಾದವೆಂದರೆ ಅಮೆರಿಕದ ಒಂದು ವಿಚಿತ್ರ ಜೋಡಣೆ. ಅರ್ಧಚಂದ್ರಗಳ ಸಾಲು, ಪ್ರತಿ ಅರ್ಧಚಂದ್ರದ ನಡುವೆ ಒಂದು ದುಂಡು ಗೂಟ. ಚಾರ್ಲ್ಸ್ ನ್ಯಾಪ್ ಎಂಬುವನ ಯಂತ್ರ ಅದನ್ನು ಕೊರೆಯುತ್ತಿತ್ತು. 1870ರ ದಶಕದಿಂದ ಸುಮಾರು 1900ರವರೆಗೆ ಮಾತ್ರ ನಡೆದು ಮರೆಯಾಯಿತು. ಅಂಥದ್ದೊಂದು ಖಾನೆ ಕೈಗೆ ಸಿಕ್ಕರೆ ವಯಸ್ಸಿನ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ನನಗೆ ಸಿಕ್ಕಿಲ್ಲ.

ಖಾನೆಗಳ ತಳವನ್ನು ಕಣ್ಣಿಗಿಂತ ಬೆರಳಿನಿಂದ ಓದುವುದು ಒಳ್ಳೆಯದು. ಕೀಸುಳಿಯ ಅಲಗನ್ನು ಸ್ವಲ್ಪ ಬಾಗಿದಂತೆ ಸಾಣೆ ಹಿಡಿದು ಹಲಗೆ ಹದಗೊಳಿಸುತ್ತಿದ್ದುದರಿಂದ, ಕಾಣದ ಬದಿಯಲ್ಲಿ ಅಗಲವಾದ ಆಳವಿಲ್ಲದ ಅಲೆಗಳು ಉಳಿಯುತ್ತವೆ. ಕಣ್ಣು ಮುಚ್ಚಿ ಬೆರಳು ಅಡ್ಡ ಸವರಿದರೆ ತಿಳಿಯುತ್ತದೆ. ಯಂತ್ರದ ಕೀಸುಳಿ ಬಿಡುವುದು ಬೇರೆ, ಸಣ್ಣಸಣ್ಣ ಸಮನಾದ ಏಣುಗಳು. ಈ ಖಾನೆಗಳ ತಳದಲ್ಲಿ ಕೈಯ ಅಲೆಗಳೇ ಇದ್ದವು.

ಮರ ಒಣಗುತ್ತ ಕುಗ್ಗುವುದೂ ಒಂದು ಸಾಕ್ಷ್ಯ, ಆದರೆ ಅದಕ್ಕೆ ಸರಿಯಾದ ಸಾಮಾನು ಬೇಕು. ಮರ ತನ್ನ ಎಳೆಯ ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ಕೇಂದ್ರದಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ನನ್ನಲ್ಲಿರುವ ಮೂರು ಕಾಲಿನ ಹಳೆಯ ದುಂಡು ಮೇಜನ್ನು ಅಳೆದೆ. ಎಳೆಯ ಉದ್ದಕ್ಕೆ 60.2 ಸೆಂಟಿಮೀಟರ್, ಅಡ್ಡಕ್ಕೆ 59.5. ಕಣ್ಣಿಗೆ ದುಂಡು, ಅಳತೆಪಟ್ಟಿಗೆ ಅಂಡಾಕಾರ. ಹೊಸ ಮೇಜಿಗೆ ಹಳೆಯ ಬಣ್ಣ ಬಳಿಯುವುದು ಸುಲಭ, ಹೀಗೆ ಅಂಡಾಕಾರ ಮಾಡಿಡಬೇಕೆಂದು ಯೋಚಿಸುವ ಮೋಸಗಾರ ಅಪರೂಪ.

ಮೋಸದ ಮಾತು ಬಂದದ್ದರಿಂದ ಹುಳುವಿನ ತೂತುಗಳ ಬಗ್ಗೆ ಒಂದು ಮಾತು. ಯುರೋಪಿನ ಹಳೆಯ ಸಾಮಾನುಗಳಲ್ಲಿ ಕಾಣುವ ಮರಕೊರಕ ಹುಳು ಹೊರಬರುವಾಗ ಒಂದೆರಡು ಮಿಲಿಮೀಟರಿನ ದುಂಡು ತೂತು ಮಾಡುತ್ತದೆ; ಒಳಗೆ ಅದರ ದಾರಿ ಅಂಕುಡೊಂಕು. ತೂತಿಗೆ ಸೂಜಿ ಹಾಕಿದರೆ ಸ್ವಲ್ಪದರಲ್ಲೇ ತಡೆಯಬೇಕು. ನೇರವಾಗಿ ಒಳಗೆ ಹೋದರೆ ಕೊರೆದದ್ದು ಹುಳುವಲ್ಲ, ಬೈರಿಗೆ. ಇನ್ನು ಹಲಗೆಯ ಮೇಲ್ಮೈಯಲ್ಲಿ ತೂತಿನ ಬದಲು ಉದ್ದಕ್ಕೆ ಸೀಳಿದ ಕಾಲುವೆಗಳು ಕಂಡರೆ, ಹುಳು ತಿಂದ ಮೇಲೆ ಆ ಮರವನ್ನು ಸೀಳಿದ್ದಾರೆ ಎಂದರ್ಥ. ಹಳೆಯ ಹಲಗೆಯಿಂದ ಹೊಸ ಸಾಮಾನು. ಹುಳು ತಾನಾಗಿ ಮೇಲ್ಮೈಗುಂಟ ತೆರೆದ ಕಾಲುವೆ ತೋಡುವುದಿಲ್ಲ.

ಬೀರುವಿನ ನಿಜವಾದ ದಿನಾಂಕ ಸಿಕ್ಕಿದ್ದು ಬೀಗದಲ್ಲಿ. ಮೇಲಿನ ಖಾನೆಯ ಒಳಬದಿಯಲ್ಲಿ ಹಿತ್ತಾಳೆಯ ಬೀಗವಿದೆ. ಅದರ ಅಂಚನ್ನು ಒರೆಸಿದಾಗ ಕಿರೀಟವೂ ಅದರ ಕೆಳಗೆ ವಿ, ಆರ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳೂ ಕಂಡವು. ವಿಕ್ಟೋರಿಯಾ ರೆಜಿನಾ, ಅಂದರೆ ವಿಕ್ಟೋರಿಯಾ ರಾಣಿ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ಸತ್ತದ್ದು 1901ರಲ್ಲಿ. ಆದರೆ ಬೀಗವೂ ಬದಲಾಗಿರಬಹುದಲ್ಲ? ಬೆನ್ನ ಹಲಗೆ ಕಲಿಸಿದ ಪಾಠ ನೆನಪಿತ್ತು. ತಿರುಪುಗಳನ್ನು ಬಿಚ್ಚಿ ಬೀಗವನ್ನು ಹೊರತೆಗೆದು ನೋಡಿದೆ. ಒಳಗೆ ಕೊರೆದ ಜಾಗ ಬೀಗದ ಅಳತೆಗೆ ಸರಿಯಾಗಿ ಕೂರುತ್ತದೆ, ಎಲ್ಲೂ ತುಂಬಿಸಿದ ಚೂರಿಲ್ಲ. ತಿರುಪಿನ ತೂತುಗಳು ಒಂದೇ ಜತೆ. ಬೀಗದ ಕೆಳಗಿನ ಮರ ತಿಳಿಬಣ್ಣದಲ್ಲೇ ಉಳಿದಿದೆ, ಸುತ್ತಲಿನದು ಮಾತ್ರ ಕಂದಿದೆ. ಖಾಲಿ ತೂತು ಒಂದೂ ಇಲ್ಲ. ಈ ಬೀಗ ಇಲ್ಲಿಗೇ ಹುಟ್ಟಿದ್ದು.

ಕೈಯಲ್ಲಿದ್ದ ತಿರುಪುಗಳು ಇನ್ನೊಂದು ತುದಿಯನ್ನು ಕಟ್ಟಿದವು. ಅವುಗಳ ತುದಿ ಮೊಂಡು. ತಲೆಯ ಗೀರು ನಡುವಿನಲ್ಲಿಲ್ಲ, ಮೂರರಲ್ಲಿ ಎರಡರಲ್ಲಿ ಪಕ್ಕಕ್ಕೆ ಜರುಗಿದೆ. ನಾವಿಂದು ಬಳಸುವ ಚೂಪು ತುದಿಯ ತಿರುಪು 1840ರ ದಶಕದ ಕೊನೆಯಲ್ಲಿ ಬಂದ ಯಂತ್ರಗಳ ಕೂಸು; ಅಮೆರಿಕದ ಥಾಮಸ್ ಸ್ಲೋನ್‌ನ ಪೇಟೆಂಟ್ 1846ರದು. ಅದಕ್ಕೆ ಮುಂಚಿನವೆಲ್ಲ ಮೊಂಡು, ಮೊದಲು ಬೈರಿಗೆಯಲ್ಲಿ ತೂತು ಮಾಡಿ ಆಮೇಲೆ ತಿರುಗಿಸಬೇಕಾಗಿತ್ತು. ತಲೆಯಲ್ಲಿ ಕೂಡುಗೆರೆ ಇರುವ ಫಿಲಿಪ್ಸ್ ತಿರುಪಂತೂ 1930ರ ದಶಕದ್ದು. "ಎರಡು ಶತಮಾನ ಹಳೆಯ" ಮೇಜಿನ ತಳದಲ್ಲಿ ಅದು ಕಂಡು, ಅದಕ್ಕೆ ಮುಂಚಿನ ತಿರುಪಿನ ತೂತು ಕಾಣದಿದ್ದರೆ, ಮಾರುವವರಿಗೆ ನಮಸ್ಕಾರ ಹೇಳಿ ಬರಬಹುದು.

ಬಡಗಿಯ ಡಬ್ಬಿಯಲ್ಲಿ ಹಳೆಯ ತಿರುಪುಗಳು ಕೆಲವು ವರ್ಷ ಉಳಿದಿದ್ದರೂ ಸರಿ, 1837ಕ್ಕೆ ಮೇಲೆ, 1850ರ ದಶಕಕ್ಕೆ ಕೆಳಗೆ ಎಂದು ಬರೆದುಕೊಂಡೆ. ಅತ್ತೆಯ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಕುಟುಂಬದ ಬಾಯಿಮಾತಿನ ಮಟ್ಟಿಗೆ ಇದು ಅಚ್ಚರಿಪಡುವಷ್ಟು ಪ್ರಾಮಾಣಿಕ ಲೆಕ್ಕ.

ಇಂಗಾಲದ ಪರೀಕ್ಷೆ ಮಾಡಿಸಬಾರದೇ ಎಂದು ಮಗಳು ಕೇಳಿದಳು. ಈ ಕಾಲಕ್ಕೆ ಅದು ನಿರುಪಯೋಗಿ. ಸುಮಾರು 1650ರಿಂದ 1950ರವರೆಗಿನ ಮರಕ್ಕೆ ಇಂಗಾಲ-14 ಒಂದೇ ಅಳತೆಗೆ ಹಲವು ದಿನಾಂಕಗಳನ್ನು ಕೊಡುತ್ತದೆ, ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಅದಲ್ಲದೆ ಅದು ಹೇಳುವುದು ಆ ಉಂಗುರ ಬೆಳೆದ ವರ್ಷವನ್ನು, ಬಡಗಿ ಉಳಿ ಹಿಡಿದ ವರ್ಷವನ್ನಲ್ಲ. ಉಂಗುರ ಎಣಿಸಿ ಹೋಲಿಸುವ ವಿಧಾನ ಓಕ್‌ನಂಥ ಮರಗಳಿಗೆ ಚೆನ್ನಾಗಿ ನಡೆಯುತ್ತದೆ, ಆದರೆ ಅದಕ್ಕೆ ಹತ್ತಾರು ಉಂಗುರಗಳ ಅಗಲ ಹಲಗೆ ಬೇಕು. ಉಷ್ಣವಲಯದ ಎಷ್ಟೋ ಮರಗಳಲ್ಲಿ ವರ್ಷಕ್ಕೊಂದು ಸ್ಪಷ್ಟ ಉಂಗುರವೇ ಇರುವುದಿಲ್ಲ. ತೇಗ ಆ ಮಟ್ಟಿಗೆ ಶಿಸ್ತಿನ ಮರ, ಉಂಗುರ ಬಿಡುತ್ತದೆ.

ಮೂಲದ ಪ್ರಶ್ನೆಗೆ, ಅಂದರೆ ಎಲ್ಲಿಯದು ಎಂಬುದಕ್ಕೆ, ಹೊರಗಿನ ಮರಕ್ಕಿಂತ ಒಳಗಿನ ಮರ ಹೆಚ್ಚು ಪ್ರಾಮಾಣಿಕ. ಹೊರಗಿನ ಬೆಲೆಬಾಳುವ ಮರ ಸಮುದ್ರ ದಾಟಿ ಬರುತ್ತದೆ. ಕಾಣದ ಜಾಗಕ್ಕೆ ಬಡಗಿ ಅಗ್ಗವಾಗಿ, ಹತ್ತಿರದಲ್ಲಿ ಸಿಗುವುದನ್ನು ಹಾಕುತ್ತಾನೆ. ಈ ಬೀರುವಿನ ಮುಖಕ್ಕೆ ಅಂಟಿಸಿರುವುದು ಮಹಾಗನಿಯ ತೆಳುಪದರ, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಅಷ್ಟು ದಪ್ಪವಿದ್ದರೆ ಗರಗಸದಿಂದ ಸೀಳಿದ್ದು. ಅಲಗಿನಿಂದ ಹೆರೆದ ನಂತರದ ಪದರಗಳು ಒಂದು ಮಿಲಿಮೀಟರಿಗಿಂತ ತೆಳು. ಮಹಾಗನಿ ವೆಸ್ಟ್ ಇಂಡೀಸ್ ಮತ್ತು ಮಧ್ಯ ಅಮೆರಿಕದ ಮರ. ಬ್ರಿಟನ್ 1721ರಲ್ಲಿ ತನ್ನ ಅಮೆರಿಕದ ವಸಾಹತುಗಳ ಮರದ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದ ಮೇಲೆ ಅದು ಅಲ್ಲಿಗೆ ಹಡಗುಗಟ್ಟಲೆ ಬಂತು. ಆದ್ದರಿಂದ ಮಹಾಗನಿ ಎಂದೊಡನೆ ಊರು ತಿಳಿಯುವುದಿಲ್ಲ.

ಒಳಗೆ ಪೈನ್. ಬ್ಲೇಡಿನಿಂದ ಒಂದು ಮೂಲೆಯ ಅಡ್ಡಕೊಯ್ತವನ್ನು ನುಣ್ಣಗೆ ಹೆರೆದು ಭೂತಗನ್ನಡಿಯಲ್ಲಿ ನೋಡಿದರೆ ರಂಧ್ರಗಳ ಸಾಲೇ ಇಲ್ಲ. ಎಲೆ ಅಗಲದ ಮರಗಳಲ್ಲಿ ನೀರು ಹರಿಯುವ ನಾಳಗಳು ಸೂಜಿ ಚುಚ್ಚಿದಂತೆ ಕಾಣುತ್ತವೆ. ಓಕ್‌ನಲ್ಲಂತೂ ಉಂಗುರದ ಗುಂಟ ದೊಡ್ಡ ರಂಧ್ರಗಳ ಮಾಲೆ. ಸೂಜಿ ಎಲೆಯ ಮರಗಳಲ್ಲಿ ಆ ನಾಳಗಳಿರುವುದಿಲ್ಲ. ಒಳಗೆ ತೇಗ ಇದ್ದಿದ್ದರೆ ತೇಗ ಅಗ್ಗವಾಗಿ ಸಿಗುವ ಕಡೆ ಮಾಡಿದ್ದೆಂದು ಊಹಿಸುತ್ತಿದ್ದೆ. ಹಸಿರು ಛಾಯೆಯ ಟ್ಯುಲಿಪ್ ಪೋಪ್ಲರ್ ಇದ್ದಿದ್ದರೆ ಅಮೆರಿಕ. ಪೈನ್, ವಿಕ್ಟೋರಿಯಾಳ ಕಿರೀಟದ ಬೀಗ, ಮಹಾಗನಿಯ ಮುಖ, ಮೂರನ್ನೂ ಒಟ್ಟಿಗೆ ಇಟ್ಟರೆ ಬ್ರಿಟನ್. ಹಡಗಿನ ಮಾತೂ ಸುಳ್ಳಲ್ಲ.

ಚೀಟಿ, ಮುದ್ರೆ ಇದ್ದರೆ ಇಷ್ಟೆಲ್ಲ ಕಷ್ಟವಿಲ್ಲ ಎನ್ನುತ್ತಾರೆ. ಮುದ್ರೆಯನ್ನೂ ಅನುಮಾನದಿಂದಲೇ ನೋಡಬೇಕು. 18ನೆಯ ಶತಮಾನದ ಪ್ಯಾರಿಸ್ಸಿನ ಬಡಗಿಗಳು ಸಂಘದ ನಿಯಮದಂತೆ ಹೆಸರನ್ನು ಮರಕ್ಕೆ ಒತ್ತುತ್ತಿದ್ದರು, 1791ರಲ್ಲಿ ಸಂಘಗಳು ರದ್ದಾಗುವವರೆಗೆ, ಮತ್ತು ಅಂಥ ಒಂದು ಕಬ್ಬಿಣದ ಮುದ್ರೆಯನ್ನು ಮಾಡಿಸುವುದು ಯಾವ ಮೋಸಗಾರನಿಗೂ ಕಷ್ಟವಲ್ಲ. ದೇಶದ ಹೆಸರು ಇದ್ದರೆ ಒಂದು ಉಪಯೋಗವಿದೆ: ಅಮೆರಿಕ 1891ರಿಂದ ಆಮದಾಗುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಕಡ್ಡಾಯ ಮಾಡಿತು, ಹಾಗಾಗಿ ಅಂಥ ಹೆಸರು ಸಾಮಾನ್ಯವಾಗಿ ಅದರ ನಂತರದ್ದು. ಥೋನೆಟ್ ಕಂಪನಿಯ ಬಾಗಿಸಿದ ಕೋಲುಗಳ ಕುರ್ಚಿಗಳಲ್ಲಿ ಆಸನದ ಅಂಚಿನ ಒಳಬದಿಯಲ್ಲಿ ಚೀಟಿ ಹುಡುಕುವುದು ಸಾರ್ಥಕ. ಆ ಕಂಪನಿಯ 1859ರ 14ನೆಯ ಮಾದರಿ ಆರು ಮರದ ತುಂಡು, ಹತ್ತು ತಿರುಪು, ಎರಡು ನಟ್ಟುಗಳಷ್ಟೇ; ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. 1869ರಲ್ಲಿ ಪೇಟೆಂಟ್ ಮುಗಿದ ಮೇಲೆ ಎಲ್ಲರೂ ಮಾಡಿದರು. ಹಾಗಾಗಿ ಆ ಆಕಾರ ಕಂಡರೆ ಸಾಲದು, ಚೀಟಿಯೂ ಬೇಕು.

ಹೊಳಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಇಟ್ಟೆ, ಹತ್ತಿ ಕಂದಾಗಿ ಅಂಟಿತು. ಅರಗು. ಲಕ್ಷಾಂತರ ಕೀಟಗಳು ಕೊಂಬೆಯ ಮೇಲೆ ಸುರಿಸಿದ ಅಂಟು ಭಾರತದಿಂದ ಲಂಡನ್ನಿಗೆ ಹೋಗಿ ಅಲ್ಲಿ ಫ್ರೆಂಚ್ ಪಾಲಿಶ್ ಎಂಬ ಹೆಸರು ಪಡೆದು ಮಹಾಗನಿಯ ಮೇಲೆ ಕೂತಿತು. ಸ್ಪಿರಿಟ್‌ಗೆ ಜಗ್ಗದಿದ್ದರೆ 1920ರ ದಶಕದ ನಂತರದ ಲ್ಯಾಕರ್ ಅಥವಾ ಇನ್ನೂ ಹೊಸದೇನಾದರೂ ಇರಬಹುದು. ಆದರೆ ಹೊಳಪನ್ನು ಎಲ್ಲರೂ ಬದಲಿಸುತ್ತಾರೆ. ಅದಕ್ಕೆ ನಾನು ಕೊಡುವ ಅಂಕ ಸೊನ್ನೆಗಿಂತ ಸ್ವಲ್ಪ ಮೇಲೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಖಾನೆಗಳನ್ನು ಒಳಗೆ ತಳ್ಳುವ ಮುನ್ನ ಅವುಗಳ ಹಿಂಬದಿಯನ್ನು ನೋಡಿದೆ. ಬಡಗಿಗಳು ಯಾವ ಖಾನೆ ಯಾವ ಗೂಡಿಗೆ ಎಂದು ಉಳಿಯಿಂದ ಗೀರು ಹಾಕುವ ರೂಢಿಯಿದೆ. ಕೆಳಗಿನ ಖಾನೆಯ ಹಿಂದೆ ನಾಲ್ಕು ಗೀರು. ನಡುವಿನದರ ಹಿಂದೆ ಮೂರು. ಮೇಲಿನದರ ಹಿಂದೆ ಎರಡು.

ಮೂರು ಖಾನೆಗಳ ಬೀರುವಿನಲ್ಲಿ ಎರಡು, ಮೂರು, ನಾಲ್ಕು. ರಶೀದಿ ಪುಸ್ತಕ ಎರಡನೆಯ ಸಂಖ್ಯೆಯಿಂದ ಶುರುವಾದರೆ ಲೆಕ್ಕಪರಿಶೋಧಕ ಚಹಾ ಕುಡಿಯಲು ಏಳುವುದಿಲ್ಲ.

ತೆಗೆದಿಟ್ಟ ಬೆನ್ನ ಹಲಗೆಯ ಕಿಂಡಿಯಿಂದ ಟಾರ್ಚು ಬಿಟ್ಟು ಮೇಲ್ಹಲಗೆಯ ಅಡಿಯನ್ನು ನೋಡಿದೆ. ಮೇಲ್ಹಲಗೆ ಇರುವುದು ಎರಡು ಗೀರಿನ ಖಾನೆಯ ಮೇಲಿನ ಅಡ್ಡಪಟ್ಟಿಗೆ ತೀರಾ ಸಮೀಪ, ನಡುವೆ ಬೆರಳು ತೂರುವಷ್ಟೇ ಸಂದು. ಹಲಗೆಯ ತಳದಲ್ಲಿ ಸಾಲಾಗಿ ತಿಳಿಬಣ್ಣದ ಚೌಕಗಳು, ಹಿಂದೆ ಸರೇಸು ಹಾಕಿ ಅಂಟಿಸಿದ್ದ ಆಧಾರದ ತುಂಡುಗಳ ನೆರಳು. ತುಂಡುಗಳು ಮಾತ್ರ ಇಲ್ಲ. ಪಕ್ಕದ ಹಲಗೆಗಳ ಮೇಲಂಚಿನಲ್ಲಿ ಹೊಸ ಗರಗಸದ ಹೆಜ್ಜೆ. ಇದೆಲ್ಲ ಅನುಮಾನ. ಪುರಾವೆ ಆ ಸಂದಿನಲ್ಲಿತ್ತು. ಅಡ್ಡಪಟ್ಟಿಗೆ ಎರಡೂ ಬದಿಯಲ್ಲಿ ಸೇರಿದ, ಖಾನೆ ಜಾರುವ ಓಟದ ಪಟ್ಟಿಗಳ ಮೇಲ್ಮೈಯಲ್ಲಿ ಎರಡು ಸಮಾನಾಂತರ ಹಾದಿಗಳು, ನುಣುಪಾಗಿ, ಹೊಳೆಯುವಂತೆ, ಎರಡು ಮಿಲಿಮೀಟರ್ ಆಳಕ್ಕೆ ಸವೆದಿದ್ದವು. ಮೇಲ್ಹಲಗೆ ಮುಚ್ಚಿಕೊಂಡಿರುವ ಆ ಜಾಗದಲ್ಲಿ ಈಗ ಏನೂ ಓಡಾಡಲಾರದು. ಹಿಂದೆ ಒಂದು ಖಾನೆ ಅಲ್ಲಿ ಸಾವಿರಾರು ಸಲ ಹೋಗಿ ಬಂದಿದೆ.

ಬೆನ್ನು ಯಾಕೆ ಬದಲಾಯಿತೆಂದು ಆಗ ತಿಳಿಯಿತು. 1890ರ ಆಚೆಗೆ ಯಾರೋ ಬೀರುವಿನ ತಲೆ ತೆಗೆದು, ಮೊದಲ ಖಾನೆಯಷ್ಟು ಎತ್ತರವನ್ನು ಕತ್ತರಿಸಿ, ತಲೆಯನ್ನು ಮತ್ತೆ ಇಟ್ಟು, ಕುಳ್ಳಾದ ಬೀರುವಿಗೆ ಕುಳ್ಳು ಬೆನ್ನು ಹೊಡೆದಿದ್ದಾರೆ. ಕಿಟಕಿಯ ಕೆಳಗೆ ಇಡಲಿಕ್ಕಿರಬೇಕು.

ಖಾನೆಗಳ ಎತ್ತರವನ್ನು ಅಳೆದೆ. ಕೆಳಗಿನದು 24 ಸೆಂಟಿಮೀಟರ್, ನಡುವಿನದು 21, ಮೇಲಿನದು 18. ಮೂರುಮೂರು ಇಳಿಯುತ್ತ ಬಂದ ಲೆಕ್ಕದಲ್ಲಿ ಕಾಣೆಯಾದದ್ದು 15 ಇರಬೇಕು. ಅಗಲ ಎಲ್ಲಕ್ಕೂ 71.5. ನೋಟುಪುಸ್ತಕದಲ್ಲಿ ಎರಡೂ ಸಂಖ್ಯೆಗಳನ್ನು ಬರೆದು, ಪೆನ್ಸಿಲನ್ನು ಎಂದಿನಂತೆ ಹಸಿರು ಪೆಟ್ಟಿಗೆಯ ತಗ್ಗಿನಲ್ಲಿ ಇಟ್ಟೆ.

ಇಟ್ಟ ಕೈ ಅಲ್ಲೇ ನಿಂತಿತು. ಆ ತಗ್ಗಿನ ಅಗಲ ಸ್ವಲ್ಪ ಹೊತ್ತಿಗೆ ಮುಂಚೆ ನಾನು ಹೊರತೆಗೆದ ಬೀಗದ್ದು.

ಉಳಿ, ಸುತ್ತಿಗೆಗಳನ್ನೆಲ್ಲ ನೆಲಕ್ಕೆ ಸುರಿದು ಅಳೆದೆ. ಎತ್ತರ 14.9, ಅಗಲ 71.4. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆಂದು ಒದ್ದೆ ಬಟ್ಟೆ ಹಿಡಿದು ಒಂದು ಮೂಲೆಯನ್ನಷ್ಟೇ ಕೆರೆದೆ. ಹಸಿರಿನ ಕೆಳಗೆ ಡವ್‌ಟೇಲ್, ಅದೇ ಸಪೂರ ಕಡ್ಡಿಗಳು. ತಗ್ಗಿರುವ ಬದಿಯ ಹೊರಗೆ ಎರಡು ದುಂಡು ತೇಪೆ, ಹಿಡಿಕೆಗಳಿದ್ದ ಜಾಗ. ಇಷ್ಟು ದಿನ ಅವನ್ನು ಗಂಟು ಎಂದುಕೊಂಡಿದ್ದೆ. ಎದುರು ಬದಿಯ ಹೊರಗೆ ಬಣ್ಣ ತುಂಬಿಕೊಂಡು ಬಹುತೇಕ ಮುಚ್ಚಿಹೋದ ಉಳಿಯ ಗೀರು, ಒಂದೇ ಒಂದು.

ಸಂಜೆ ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಬೀರುವಿಗೆ ಇನ್ನೂರು ವರ್ಷ ಆಗಿಲ್ಲವೆಂದೂ, ಬೆನ್ನು ಬದಲಾಗಿದೆಯೆಂದೂ, ಎತ್ತರವನ್ನೇ ಕತ್ತರಿಸಿದ್ದಾರೆಂದೂ, ಮೊದಲ ಖಾನೆ ಉಪಕರಣಗಳ ಪೆಟ್ಟಿಗೆಯಾಗಿ ನನ್ನ ಪಕ್ಕದಲ್ಲೇ ಇತ್ತೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಗಾದರೆ ಏನೂ ಕಳೆದುಹೋಗಿಲ್ಲ ಎಂದಾಯಿತಲ್ಲ," ಎಂದರು. "ನಾನೂ ಅದನ್ನೇ ಹೇಳಿದ್ದು."

ಉಳಿ, ಸುತ್ತಿಗೆ, ಇಕ್ಕಳಗಳು ಈಗ ಒಂದು ರಟ್ಟಿನ ಡಬ್ಬದಲ್ಲಿವೆ.